ಬಕಾಸುರನ ಬಂಡಿಯೂ ನನ್ನ ಹಡಗೂ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಹಡಗಿತ್ತು. ಕೆರೆ ಕೋಡಿ ಬಿದ್ದರೆ ಜನ ಬಾಗಿನ ಬಿಡೋಕೆ ಓಡೋ ಸೀಮೆಯಲ್ಲಿ, ಕೈವಾರದಂಥ ಊರಲ್ಲಿ, ಮೂರು ಹಾಯಿಯ ಹಡಗು! :-) ಸಾವಿರಕ್ಕೂ ಮೇಲ್ಪಟ್ಟ ಪ್ಲಾಸ್ಟಿಕ್ ಇಟ್ಟಿಗೆ ತುಂಡುಗಳನ್ನ ಒಂದರ ಮೇಲೊಂದು ಒತ್ತಿ ಕೂರಿಸಿ, ಆಫೀಸು ಮುಗಿಸಿ ಬಂದು ರಾತ್ರಿ ಹನ್ನೆರಡರ ತನಕ ಕೂತು, ಎರಡು ವಾರ ಕಟ್ಟಿದ್ದು. ಬೆಂಗಳೂರಿನ ರೂಮಿನಲ್ಲಿ ಜಾಗ ಸಾಲದೆ ಊರಿಗೆ ತಂದು ಗಾಜಿನ ಹಿಂದೆ ಇಟ್ಟಿದ್ದೆ.

ಬೇಸಿಗೆ ರಜಕ್ಕೆ ಬಂದಿದ್ದ ಅಕ್ಕನ ಮಗ, ಏಳು ವರ್ಷದವನು, ಅದನ್ನ ಪೂರ್ತಿ ಬಿಚ್ಚಿ ಹಾಕಿದ. ನಾನು ಶನಿವಾರ ಸಾಯಂಕಾಲ ಮನೆಗೆ ಬಂದಾಗ ನಡುಮನೆಯ ನೆಲದ ತುಂಬಾ ಕಂದು ಬಣ್ಣದ ತುಂಡುಗಳು. ಹಾಯಿಗಳನ್ನ ಮಡಿಸಿ ಒಂದು ಕಡೆ ಇಟ್ಟಿದ್ದ. ನಾನು ಏನು ಕೂಗಾಡಿದೆನೋ ಈಗ ಪೂರ್ತಿ ನೆನಪಿಲ್ಲ, ಆದರೆ "ನಿನ್ನ ಕೈಯಲ್ಲಿ ಏನಿಟ್ಟರೂ ಹಾಳು" ಅಂದಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಹುಡುಗ ಅಳಲಿಲ್ಲ. ಅಜ್ಜಿಯ ಹಿಂದೆ ಹೋಗಿ ನಿಂತ. ಮಾರನೇ ದಿನ ಅಕ್ಕ ಬೇರೆ ಏನೋ ನೆಪ ಹೇಳಿ ಅವನನ್ನ ಕರಕೊಂಡು ಹೊರಟುಬಿಟ್ಟಳು.

ಅವರು ಹೋದ ಮೇಲೆ ಅಮ್ಮ ಹೇಳಿದ್ದು: "ಏನು ಕಟ್ಟಿದಾನೆ ಅಂತ ನೋಡಿದ್ಯಾ ನೀನು?"

ನೋಡಿರಲಿಲ್ಲ. ಒಡೆದದ್ದು ಮಾತ್ರ ನೋಡಿದ್ದೆ. ಕಿಟಕಿ ಪಕ್ಕದಲ್ಲಿ ಒಂದು ಗುಡ್ಡ, ಗುಡ್ಡದ ಹೊಟ್ಟೆಯಲ್ಲಿ ಒಂದು ಗುಹೆ, ಅದರ ಮುಂದೆ ಒಂದು ಬಂಡಿ ಇತ್ತು. ಬಂಡಿಗೆ ಹಡಗಿನ ಚುಕ್ಕಾಣಿಯ ಚಕ್ರವೇ ಒಂದು ಗಾಲಿ, ಇನ್ನೊಂದಕ್ಕೆ ಬಾಟಲಿ ಮುಚ್ಚಳ. ಮೇಲೆ ಬಿಳೀ ತುಂಡುಗಳ ರಾಶಿ, ಅನ್ನ! ಹಿಂದಿನ ದಿನ ಅಮ್ಮ ಅವನನ್ನ ಭೀಮಲಿಂಗೇಶ್ವರನ ಗುಡಿಗೆ ಕರಕೊಂಡು ಹೋಗಿ, ನಮ್ಮೂರೇ ಏಕಚಕ್ರಪುರ, ಇಲ್ಲೇ ಭೀಮ ಬಂಡಿ ಅನ್ನ ತಾನೇ ತಿಂದು ಬಕಾಸುರನನ್ನ ಕೊಂದಿದ್ದು ಅಂತ ಕಥೆ ಹೇಳಿದ್ದಳಂತೆ. ನಾವೆಲ್ಲ ಕೇಳಿಕೊಂಡೇ ಬೆಳೆದ ಕಥೆ. ನಾನು ಹದಿನೈದು ವರ್ಷದಿಂದ ಈ ಇಟ್ಟಿಗೆಗಳನ್ನ ಕೊಂಡು ಗುಡ್ಡೆ ಹಾಕ್ತಿದ್ದೀನಿ, ಒಂದು ಸಲಕ್ಕೂ ನನಗೆ ಬಕಾಸುರನ ಬಂಡಿ ಕಟ್ಟಬೇಕು ಅಂತ ಹೊಳೆದಿರಲಿಲ್ಲ. ಯಾಕೆ ಅಂದ್ರೆ ಡಬ್ಬದ ಮೇಲೆ ಅದರ ಚಿತ್ರ ಇರಲಿಲ್ಲ.

ಆವತ್ತಿಂದ ತಲೆಯಲ್ಲಿ ಕೊರೀತಿರೋದನ್ನ ಹೇಳಿಬಿಡ್ತೀನಿ. ನನ್ನಂಥ ಸಂಗ್ರಹಕಾರರು ಈ ಹವ್ಯಾಸವನ್ನ ಹಾಳುಮಾಡ್ತಿದ್ದೇವೆ. ಬಿಚ್ಚೋಕೆ ಅಂತಲೇ ಮಾಡಿದ ವಸ್ತುವನ್ನ ಬಿಚ್ಚಬಾರದ ವಸ್ತುವಾಗಿ ಮಾಡಿಬಿಟ್ಟಿದ್ದೇವೆ.

ಈ ಇಟ್ಟಿಗೆಯ ಹುಟ್ಟನ್ನೇ ನೋಡಿ. ಡೆನ್ಮಾರ್ಕಿನ ಬಿಲ್ಲುಂಡ್ ಅನ್ನೋ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯನ್ಸನ್ 1932ರಲ್ಲಿ ಮರದ ಆಟಿಕೆ ಮಾಡೋಕೆ ಶುರು ಮಾಡಿದ. 1949ರಲ್ಲಿ ಅವನ ಲೆಗೋ ಕಂಪನಿ ಪ್ಲಾಸ್ಟಿಕ್ ಇಟ್ಟಿಗೆ ತಂದಾಗ ಅದು ಒಳಗೆ ಬರೀ ಟೊಳ್ಳು. ಜೋಡಿಸಿದರೆ ನಿಲ್ಲೋದು, ಎತ್ತಿದರೆ ಕಳಚಿಕೊಳ್ಳೋದು. 1958ರ ಜನವರಿಯಲ್ಲಿ ಪೇಟೆಂಟಿಗೆ ಹಾಕಿದ ಇಟ್ಟಿಗೆಯ ಹೊಟ್ಟೆಯಲ್ಲಿ ಸಣ್ಣ ಸಣ್ಣ ಕೊಳವೆಗಳು ಬಂದವು. ಕೆಳಗಿನ ಇಟ್ಟಿಗೆಯ ಮೇಲಿನ ಉಬ್ಬುಗಳು ಗೋಡೆಗೂ ಕೊಳವೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ತವೆ. ಜಾಣತನ ಎಲ್ಲಿದೆ ಅಂದ್ರೆ, ಆ ಬಿಗಿ ಎಷ್ಟಿರಬೇಕು ಅನ್ನೋದರಲ್ಲಿ. ಕಟ್ಟಿದ್ದು ಎತ್ತಿದರೆ ಬೀಳಬಾರದು, ಮಗುವಿನ ಬೆರಳಿಗೆ ಬಿಚ್ಚೋಕೂ ಬರಬೇಕು. ಈ ಎರಡಕ್ಕೂ ಹೊಂದೋ ಹಾಗೆ ಅಚ್ಚು ಮಾಡೋಕೆ ಮಿಲಿಮೀಟರಿನ ಸಾವಿರದ ಭಾಗಗಳಲ್ಲಿ ಲೆಕ್ಕ ಹಾಕ್ತಾರೆ. ಬರೀ ಗಟ್ಟಿಯಾಗಿ ಅಂಟಬೇಕು ಅನ್ನೋದಾಗಿದ್ರೆ ಒಂದು ಡಬ್ಬ ಫೆವಿಕಾಲ್ ಸಾಕಿತ್ತು, ಅಲ್ವಾ? 1958ರ ಇಟ್ಟಿಗೆ ತಂದು ಇವತ್ತಿನದರ ಮೇಲೆ ಒತ್ತಿದರೂ ಕೂರತ್ತೆ.

ಇನ್ನೊಂದು ಲೆಕ್ಕ ಕೇಳಿ. ಎಂಟು ಉಬ್ಬಿನ, ಒಂದೇ ಬಣ್ಣದ ಆರೇ ಆರು ಇಟ್ಟಿಗೆ ಕೊಟ್ಟರೆ ಎಷ್ಟು ಬಗೆಯಾಗಿ ಜೋಡಿಸಬಹುದು? ಡೆನ್ಮಾರ್ಕಿನ ಗಣಿತಜ್ಞರೊಬ್ಬರು ಕಂಪ್ಯೂಟರಿಗೆ ಹಾಕಿ ಎಣಿಸಿದರು: 91,51,03,765. ತೊಂಬತ್ತೊಂದು ಕೋಟಿ! ಅದಕ್ಕೆ ಮುಂಚೆ ಕಂಪನಿಯೇ ಹೇಳಿಕೊಂಡು ಬರ್ತಿದ್ದ ಲೆಕ್ಕ ಬರೀ ಹತ್ತು ಕೋಟಿ ಚಿಲ್ಲರೆ, ಮಾಡಿದವರಿಗೇ ತಮ್ಮ ವಸ್ತುವಿನ ಅಳತೆ ಗೊತ್ತಿರಲಿಲ್ಲ. ಆರು ಇಟ್ಟಿಗೆಗೇ ಇಷ್ಟಾದ್ರೆ ನನ್ನ ಹಡಗಿನ ಸಾವಿರ ತುಂಡಿಗೆ? ಅಷ್ಟರಲ್ಲಿ ಒಂದೇ ಒಂದನ್ನ ಕಟ್ಟಿ ಗಾಜು ಮುಚ್ಚಿ ಕೂತಿದ್ದೆ ನಾನು.

ಹಾಗಂತ ಪುಸ್ತಕ ನೋಡಿ ಕಟ್ಟೋದು ತಪ್ಪು ಅಂತ ನಾನು ಹೇಳೋಲ್ಲ. ಅದರ ಸುಖ ಅನುಭವಿಸಿದವನು ನಾನು. ಇಡೀ ದಿನ ಸ್ಪ್ರೆಡ್‌ಶೀಟ್ ನೋಡಿ ಕಣ್ಣು ಕೆಂಪಾದವನಿಗೆ, ಹದಿನೇಳನೇ ಪುಟದಲ್ಲಿ ತೋರಿಸಿದ ಹಾಗೇ ಎರಡು ತುಂಡು ಹುಡುಕಿ, 'ಟಕ್' ಅಂತ ಕೂರಿಸಿದಾಗ ಸಿಗೋ ಸಮಾಧಾನ ಇದೆಯಲ್ಲ, ಅದನ್ನ ಆಡಿದವರೇ ಬಲ್ಲರು. ಕಂಪನಿಗೂ ಇದು ಗೊತ್ತಾಗಿದೆ, 2020ರಿಂದ ಕರೀ ಡಬ್ಬದ ಮೇಲೆ 18+ ಅಂತ ಬರೆದೇ ಮಾರ್ತಾರೆ. "ಈ ವಯಸ್ಸಿನಲ್ಲಿ ಆಟ ಏನೋ" ಅಂತ ಆಡಿಕೊಳ್ಳೋ ನೆಂಟರಿಗೆ ತೋರಿಸೋಕೆ ನನಗೆ ಅದು ಸರ್ಟಿಫಿಕೇಟು! ನನ್ನ ತಕರಾರು ಇರೋದು ಕಟ್ಟಿದ ಮೇಲೆ ಏನು ಮಾಡ್ತೀವಿ ಅನ್ನೋದರ ಬಗ್ಗೆ.

ಕಟ್ಟದೇ ಇರೋರ ಕಥೆ ಇನ್ನೂ ವಿಚಿತ್ರ. ಸೀಲ್ ಒಡೆಯದ ಡಬ್ಬಗಳನ್ನ ಬೀರುವಿನಲ್ಲಿ ಪೇರಿಸಿಟ್ಟು, ಬೆಲೆ ಏರಲಿ ಅಂತ ಕಾಯೋರಿದ್ದಾರೆ. ಮಾಸ್ಕೋದ ಅರ್ಥಶಾಸ್ತ್ರಜ್ಞರು 1987ರಿಂದ 2015ರ ತನಕದ ಸೆಟ್‌ಗಳ ಮರುಮಾರಾಟದ ಬೆಲೆ ನೋಡಿ, ವರ್ಷಕ್ಕೆ ಸರಾಸರಿ ಶೇಕಡ 11ರಷ್ಟು ಲಾಭ ಬಂದಿದೆ ಅಂತ ಲೆಕ್ಕ ಹಾಕಿದ್ದೂ ನಿಜ. ನಮ್ಮ ತಾಜ್ ಮಹಲನ್ನೇ ತಗೊಳ್ಳಿ. 2008ರಲ್ಲಿ 5,922 ತುಂಡುಗಳ ಸೆಟ್ ಬಂತು. ಅಂಗಡಿಯಿಂದ ಅದು ಮಾಯವಾದ ಮೇಲೆ ಬೆಲೆ ಹಲವು ಪಟ್ಟು ಏರಿತು. ಡಬ್ಬ ಒಡೆಯದೆ ಇಟ್ಟುಕೊಂಡಿದ್ದವರು ಮೀಸೆ ತಿರುವಿಕೊಂಡು ಕೂತಿದ್ದರು. 2017ರಲ್ಲಿ ಕಂಪನಿ ಅದೇ ತಾಜ್ ಮಹಲನ್ನ ಒಂದೇ ಒಂದು ತುಂಡು ಜಾಸ್ತಿ ಮಾಡಿ, 5,923 ಅಂತ ಮತ್ತೆ ತಂತು! ಕಟ್ಟಿ ಖುಷಿಪಟ್ಟವರಿಗೆ ಅದರಿಂದ ಏನೂ ನಷ್ಟ ಆಗಲಿಲ್ಲ. ನಂಗಂತೂ ಆ ಸುದ್ದಿ ಓದಿ ನಗು ಬಂತು, ಒಂದು ಸ್ವಲ್ಪ ಕ್ರೂರವಾಗಿಯೇ.

ಇಲ್ಲಿ ಬೆಲೆಯ ಮಾತೂ ಬರತ್ತೆ. ನಮ್ಮ ದೇಶದಲ್ಲಿ ಆಮದು ಆಟಿಕೆಗಳ ಸುಂಕ 2020ರಲ್ಲಿ ಶೇಕಡ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಹಡಗಿನ ಬೆಲೆ ಕೇಳಿದ ಅಮ್ಮ ಹೇಳಿದ್ದು, "ಇಷ್ಟಕ್ಕೆ ಒಂದು ಲೋಡು ಇಟ್ಟಿಗೆಯೇ ಬರ್ತಿತ್ತಲ್ಲೋ, ಹಿಂದಿನ ಗೋಡೆಯಾದರೂ ಆಗೋದು." ಉತ್ತರ ಕೊಡೋಕಾಗಲಿಲ್ಲ. ದುಬಾರಿ ಆದಷ್ಟೂ ವಸ್ತುವನ್ನ ಮುಟ್ಟೋಕೆ ಭಯ. ಆ ಹುಡುಗನ ಮೇಲೆ ನಾನು ಕೂಗಾಡಿದ್ದರಲ್ಲಿ ಹಡಗಿನ ಮೇಲಿನ ಪ್ರೀತಿ ಎಷ್ಟಿತ್ತು, ಬಿಲ್ಲಿನ ನೆನಪು ಎಷ್ಟಿತ್ತು? ಅರ್ಧಕ್ಕರ್ಧ ಬಿಲ್ಲೇ ಅಂತ ಈಗ ಅನ್ಸತ್ತೆ.

ಸಂಗ್ರಹ ಮಾಡೋದೇ ತಪ್ಪಾ ಹಾಗಾದ್ರೆ? ಇದಕ್ಕೆ ಉತ್ತರ ನಮ್ಮ ಮನೆಯ ಅಟ್ಟದ ಮೇಲೇ ಇತ್ತು, ಟ್ರಂಕಿನಲ್ಲಿ.

ದಸರಾ ಬೊಂಬೆ! ನಮ್ಮ ಅಜ್ಜಿಯ ಕಾಲದ್ದು. ಮದುವೆಯಲ್ಲಿ ಅಜ್ಜಿಗೆ ತವರಿನಿಂದ ಕೊಟ್ಟ ಪಟ್ಟದ ಬೊಂಬೆಗಳು, ರಾಜ ರಾಣಿ, ತಿರುಪತಿ ಕಡೆಯ ರಕ್ತಚಂದನದ್ದು. ಶೆಟ್ಟಿ, ಶೆಟ್ಟಿಗಿತ್ತಿ, ಅವರ ಮುಂದೆ ಅಕ್ಕಿ ಬೇಳೆಯ ಪುಟಾಣಿ ಅಂಗಡಿ. ವರ್ಷಕ್ಕೊಂದೋ ಎರಡೋ ಹೊಸ ಬೊಂಬೆ ಸೇರ್ತಿತ್ತು. ಅಜ್ಜಿಗಿಂತ ಕಟ್ಟಾ ಸಂಗ್ರಹಕಾರರನ್ನ ನಾನು ನೋಡಿಲ್ಲ, ಯಾವ ಬೊಂಬೆ ಯಾವ ವರ್ಷ ಯಾವ ಜಾತ್ರೆಯಲ್ಲಿ ತಂದಿದ್ದು ಅಂತ ಬಾಯಿಪಾಠ. ಆದರೆ ಆ ಬೊಂಬೆಗಳು ಗಾಜಿನ ಹಿಂದೆ ಕೂತವಲ್ಲ. ಪ್ರತಿ ವರ್ಷ ಟ್ರಂಕಿನಿಂದ ಇಳಿಸಿ, ಹಳೇ ಪಂಚೆಯ ತುಂಡು ಬಿಚ್ಚಿ, ಒರೆಸಿ, ಮೆಟ್ಟಿಲು ಮೆಟ್ಟಿಲಾಗಿ ಹಲಗೆ ಜೋಡಿಸಿ ಕೂರಿಸೋದು. ಒಂದು ವಾರ ಮುಂಚೆಯೇ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿರ್ತಿದ್ದರು. ಅದು ಮೊಳೆತು ಹಸಿರು ಬಂದ್ರೆ ಪಾರ್ಕು. ಅದರ ಸುತ್ತ ನಮ್ಮ ಕಾರುಬಾರು: ಬೆಂಕಿಪೊಟ್ಟಣದ ಸೋಫಾಸೆಟ್ಟು, ಕನ್ನಡಿ ಚೂರಿನ ಕೊಳ, ಜೋಳದ ದಂಟು ಸುಲಿದು ಒಳಗಿನ ಬೆಂಡಿಗೆ ಸಿಪ್ಪೆಯ ಚೂಪು ಕಡ್ಡಿ ಚುಚ್ಚಿ ಜೋಡಿಸಿದ ಗಾಡಿ. (ಈ ಬೆಂಡಿನ ಗಾಡಿಯೂ ಚುಚ್ಚಿ ಕಟ್ಟೋ, ಕಿತ್ತು ಮತ್ತೆ ಕಟ್ಟೋ ಆಟಿಕೆಯೇ. ಒಂದು ದಂಟು ಮುರಿದರೆ ಬೈಯೋರು ಯಾರೂ ಇರಲಿಲ್ಲ.) ಒಂದು ವರ್ಷ ರಾಮನ ಪಟ್ಟಾಭಿಷೇಕ, ಇನ್ನೊಂದು ವರ್ಷ ಅದೇ ಬೊಂಬೆಗಳಲ್ಲೇ ಮದುವೆ ದಿಬ್ಬಣ. ಸಾಯಂಕಾಲ ಬೀದಿ ಮಕ್ಕಳೆಲ್ಲ "ಬೊಂಬೆ ಕೂರ್ಸಿದ್ದೀರಾ?" ಅಂತ ಬಾಗಿಲಿಗೆ ಬರೋರು, ಕೈಗೆ ಚರುಪು. ವಿಜಯದಶಮಿ ರಾತ್ರಿ ಒಂದು ಬೊಂಬೆ ಮಲಗಿಸಿದರೆ ಮುಗೀತು, ಎಲ್ಲ ಮತ್ತೆ ಪಂಚೆ ಸುತ್ತಿಕೊಂಡು ಟ್ರಂಕಿಗೆ.

ಬೊಂಬೆ ಒಡೆದಿರಲಿಲ್ಲವಾ? ಒಡೆದಿದೆ. ನಾನೇ ಒಂದು ಮಣ್ಣಿನ ಹಾವಾಡಿಗನ ತಲೆ ಮುರಿದಿದ್ದೆ. ಅಜ್ಜಿ ಆಮೇಲೆ ಅದನ್ನ ಪಾರ್ಕಿನಲ್ಲಿ ಮರದ ಹಿಂದೆ, ತಲೆ ಕಾಣದ ಹಾಗೆ ಕೂರಿಸ್ತಿದ್ದರು. "ನಿನ್ನ ಕೈಯಲ್ಲಿ ಏನಿಟ್ಟರೂ ಹಾಳು" ಅಂತ ಆ ಮನುಷ್ಯೆ ನನಗೆ ಹೇಳಲಿಲ್ಲ.

ಹಾಗಾಗಿ ನಾನು ಹೇಳೋದು ಇಷ್ಟು: ಇಟ್ಟಿಗೆ ಸೆಟ್ ಕೊಳ್ಳಿ, ಕೈಲಾದಷ್ಟು ಕೊಳ್ಳಿ, ಪುಸ್ತಕ ನೋಡಿ ಒಂದು ಸಲ ಕಟ್ಟಿ, ಒಂಬತ್ತು ದಿನ ಇಲ್ಲಾ ಒಂಬತ್ತು ವಾರ ಎಲ್ಲರಿಗೂ ತೋರಿಸಿ. ಆಮೇಲೆ ಬಿಚ್ಚಿ. ಯಾವ ಸೆಟ್ಟಿನ ತುಂಡು ಯಾವುದು ಅಂತ ಪ್ಲಾಸ್ಟಿಕ್ ಕವರಿನಲ್ಲಿ ಬೇರೆ ಬೇರೆ ಕಟ್ಟಿಡೋದೂ ಬೇಡ, ಎಲ್ಲ ಒಂದೇ ಟಬ್ಬಿಗೆ ಸುರೀರಿ. ಶೋಕೇಸಿನಲ್ಲಿಟ್ಟರೆ ಅದೇನು ಹಾಗೇ ಇರತ್ತೆ ಅಂದ್ಕೊಂಡ್ರಾ? ಬಿಸಿಲು ಬಿದ್ದ ಕಡೆ ಬಿಳೀ ಇಟ್ಟಿಗೆ ಹಳದಿಗೆ ತಿರುಗತ್ತೆ, ಉಬ್ಬುಗಳ ಸಂದಿಯಲ್ಲಿ ಕೂತ ಧೂಳು ಬ್ರಷ್‌ಗೂ ಬರೋಲ್ಲ.

ಟಬ್ಬಿಗೆ ಸುರಿಯೋದು ಅಂದ ಕೂಡಲೇ ನಮ್ಮ ಬಳಗದ ಕೆಲವರು ಹೌಹಾರ್ತಾರೆ, "ಒರಿಜಿನಲ್ ಜೊತೆ ಡೂಪ್ಲಿಕೇಟ್ ಬೆರೆತುಹೋದ್ರೆ?" ಅಂತ. ಬೆರೆಯಲಿ ಬಿಡಿ. ನಮ್ಮ ಹುಡುಗನ ಹತ್ತಿರ ಗುರುಪೂರ್ಣಿಮೆ ಸಂಗೀತೋತ್ಸವದ ಸಮಯದಲ್ಲಿ ರಸ್ತೆ ಪಕ್ಕದ ಅಂಗಡಿಯಲ್ಲಿ ಕೊಡಿಸಿದ ಒಂದು ಚೀಲ ಅಗ್ಗದ ಇಟ್ಟಿಗೆ ಇದೆ. ಕೆಲವು ಸಡಿಲ, ಕೆಲವು ಕೀಳೋಕೆ ಹಲ್ಲೇ ಬೇಕು. ಗುಡ್ಡದ ಬುಡಕ್ಕೆ ಅವನು ಹಾಕಿದ್ದು ಅವನ್ನೇ, ಹಡಗಿನ ಒಳ್ಳೇ ತುಂಡುಗಳನ್ನ ಬಂಡಿಗೆ ಉಳಿಸಿಕೊಂಡಿದ್ದ. ಯಾವುದು ಎಲ್ಲಿಗೆ ಆಗತ್ತೆ ಅಂತ ಅವನಿಗೆ ಗೊತ್ತಿತ್ತು. ಅಷ್ಟಕ್ಕೂ ಇಟ್ಟಿಗೆಯ ಆಕಾರದ ಮೇಲೆ ಟ್ರೇಡ್‌ಮಾರ್ಕ್ ಹಕ್ಕು ಸಲ್ಲದು ಅಂತ ಕೆನಡಾದ ಸುಪ್ರೀಂ ಕೋರ್ಟು 2005ರಲ್ಲಿ, ಯುರೋಪಿನ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಾಗಿದೆ. ಲೆಗೋದ ಮೊದಲ ಇಟ್ಟಿಗೆಯೇ ಇಂಗ್ಲೆಂಡಿನ ಹಿಲರಿ ಪೇಜ್ ಮಾಡಿದ್ದ ಕಿಡ್ಡಿಕ್ರಾಫ್ಟ್ ಇಟ್ಟಿಗೆಯನ್ನ ನೋಡಿಕೊಂಡು ಮಾಡಿದ್ದು. ಇದು ಗೊತ್ತಿದ್ದೂ ಮಡಿ ಮೈಲಿಗೆ ಮಾಡೋದು ಯಾಕೆ?

ಇನ್ನೊಂದು ಮಾತು, ಬೈದರೂ ಪರವಾಗಿಲ್ಲ. ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರು ಹುಟ್ಟಿದರು ಅಂತ ಇಲ್ಲಿಯ ಪ್ರತಿ ಅಪ್ಪ ಅಮ್ಮನಿಗೂ ಮಗ ಎಂಜಿನಿಯರ್ ಆಗಬೇಕು. ಆದರೆ ಅದೇ ಮಗ ಮನೆಯ ಟಾರ್ಚು ಬಿಚ್ಚಿದರೆ ಏಟು. ಬಿಚ್ಚದೆ ಎಂಜಿನಿಯರ್ ಆದೋರಲ್ಲಿ ನಾನೂ ಒಬ್ಬ. ಹಾಗಾಗಿಯೇ ಏನೋ, ಮೂವತ್ತು ದಾಟಿದ ಮೇಲೂ ಪುಟದ ನಂಬರ್ ನೋಡಿಕೊಂಡೇ ಕಟ್ಟೋದು.

ಹಡಗನ್ನ ಮತ್ತೆ ಕಟ್ಟಿಲ್ಲ. ಗುಡ್ಡ, ಗುಹೆ, ಬಂಡಿ ಎಲ್ಲಾ ಹೇಗಿತ್ತೋ ಹಾಗೇ ಹಲಗೆಯ ಮೇಲೆ ಎತ್ತಿಟ್ಟಿದ್ದೀನಿ. ಅಕ್ಕನಿಗೆ ಫೋನ್ ಮಾಡಿ, ದಸರಾಕ್ಕೆ ಬೊಂಬೆ ಕೂರಿಸ್ತಿದ್ದೀವಿ, ಅವನ ಬಂಡಿಗೆ ಎರಡನೇ ಮೆಟ್ಟಿಲಲ್ಲಿ ಜಾಗ ಬಿಟ್ಟಿದ್ದೀವಿ ಅಂದೆ. ಆಮೇಲೆ ಅವನಿಗೆ ಫೋನ್ ಕೊಡು ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಬರೀ ಉಸಿರಾಟ.

"ತಪ್ಪು ನಂದು ಕಣೋ," ಅಂದೆ.

ಅದಕ್ಕೆ ಅವನು ಏನೂ ಹೇಳಲಿಲ್ಲ. ತುಂಬಾ ಹೊತ್ತಾದ ಮೇಲೆ, "ಮಾಮ, ಭೀಮನ ಗದೆಗೆ ಏನೂ ಸಿಗಲೇ ಇಲ್ಲ. ನಿನ್ನ ಹತ್ರ ಉಂಡೆ ಥರದ್ದು ಇದೆಯಾ?" ಅಂದ.

ಹಡಗಿನ ಫಿರಂಗಿ ಗುಂಡು ಇದೆ. ಕಡ್ಡಿಗೆ ಧ್ವಜದ ಕಂಬ ಆಗಬಹುದು. ಎರಡೂ ಕೂರತ್ತಾ ಇಲ್ವಾ ಅಂತ ಇವತ್ತು ರಾತ್ರಿ ಟಬ್ಬು ಕೆದಕಿ ನೋಡಬೇಕು.