ಸೈಲೆನ್ಸರ್ ಸದ್ದು ಕಾರೊಳಗೇ ಕೇಳ್ತಿದೆಯಾ? ಮ್ಯಾಟ್ ಹಾಕಿಸೋ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ

ಚಿಕ್ಕಮಗಳೂರು: ಬೈಕ್‌ಗಳ ಕರ್ಕಶ ಸೈಲೆನ್ಸರ್ ಬಿಚ್ಚಿಸಿ, ರಸ್ತೆ ಮೇಲೆ ಸಾಲಾಗಿ ಜೋಡಿಸಿ, ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೋ ರಾಜ್ಯದ ಹಲವು ಊರುಗಳಿಂದ ಬಂದಿವೆ. ಜನ ಶೇರ್ ಮಾಡ್ತಾರೆ, ಚಪ್ಪಾಳೆ ಹೊಡೀತಾರೆ. ಮಾಡಬೇಕಾದ ಕೆಲಸವೇ, ತಪ್ಪೇನಿಲ್ಲ. ಆದ್ರೆ ಅದೆಲ್ಲ ರಸ್ತೆಯಲ್ಲಿ ನಿಂತವರಿಗೆ ಕೇಳುವ ಸದ್ದು. ಗಾಡಿ ಒಳಗೆ ಕೂತವರಿಗೆ ಕೇಳುವ ಸೈಲೆನ್ಸರ್ ಸದ್ದಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಮಲೆನಾಡಿನ ಮಟ್ಟಿಗೆ ಹೆಚ್ಚು ಅಪಾಯ ಇರೋದು ಅದರಲ್ಲೇ.

ಕಾಫಿ ಕೊಯ್ಲು ಶುರುವಾದರೆ ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಬೆಳಗ್ಗೆ ಆರು ಗಂಟೆಗೇ ತೋಟದ ಗಾಡಿಗಳು ಹೊರಡುತ್ತವೆ. ಹಳೇ ಓಮ್ನಿ, ಬೊಲೆರೊ, ಸುಮೋ, ಜೀಪು. ಮುಂದೆ ಇಬ್ಬರು, ಹಿಂದೆ ಹಿಡಿಸಿದಷ್ಟು ಜನ. ವಾಪಸ್ ಬರುವಾಗ ಅದೇ ಗಾಡಿಯಲ್ಲಿ ಗೊಬ್ಬರದ ಚೀಲ, ಬಾಳೆಗೊನೆ. ಬಾಗಿಲು ಮುಚ್ಚಲ್ಲ, ಹಗ್ಗ ಕಟ್ಟಿ ಅರ್ಧ ತೆರೆದೇ ಓಡಿಸ್ತಾರೆ. ಸೈಲೆನ್ಸರ್ ಗುಂಯ್ ಅಂತಿರುತ್ತೆ, ಹಾಡಿನ ವಾಲ್ಯೂಮ್ ಜಾಸ್ತಿ ಮಾಡ್ತಾರೆ. ಮುಗೀತು.

ಹಿಂದೆ ಉದ್ದ ಇರೋ ಗಾಡಿಯಲ್ಲೇ ಸದ್ದು ಜಾಸ್ತಿ ಯಾಕೆ?

ಹೊರದೇಶಗಳಲ್ಲಿ ‘ಎಸ್ಟೇಟ್ ಕಾರ್’ ಅಂದ್ರೆ ಕಾಫಿ ಎಸ್ಟೇಟಿನ ಕಾರ್ ಅಲ್ಲ. ಡಿಕ್ಕಿ ಬೇರೆ ಇಲ್ಲದೆ, ಚಾವಣಿ ಹಿಂದಿನ ತನಕ ಎಳೆದು, ಹಿಂದೊಂದು ಬಾಗಿಲು ಇಟ್ಟ ಕಾರ್. ನಮ್ಮಲ್ಲಿ ಟಾಟಾ 1992ರಲ್ಲಿ ‘ಎಸ್ಟೇಟ್’ ಅನ್ನೋ ಹೆಸರಲ್ಲೇ ಒಂದು ಕಾರ್ ತಂದಿತ್ತು. ಆಮೇಲೆ ಇಂಡಿಗೋ ಮರೀನಾ, ಬಲೆನೊ ಆಲ್ಟುರಾ ಬಂದವು, ಹೆಚ್ಚು ದಿನ ನಿಲ್ಲಲಿಲ್ಲ. ಆ ಜಾಗವನ್ನು ಈಗ ಇನ್ನೋವಾ, ಎರ್ಟಿಗಾ, ಬೊಲೆರೊ ತುಂಬಿವೆ. ಒಳಗಿನ ಜಾಗದ ವಿಷಯದಲ್ಲಿ ಎಲ್ಲವೂ ಒಂದೇ ಜಾತಿ.

ಡಿಕ್ಕಿ ಇರುವ ಸೆಡಾನ್ ಕಾರಲ್ಲಿ ಸೈಲೆನ್ಸರಿಗೂ ಕೂತವರಿಗೂ ನಡುವೆ ಹಿಂದಿನ ಸೀಟು, ಅದರ ಹಿಂದಿನ ತಗಡು, ಡಿಕ್ಕಿ ಇರುತ್ತೆ. ಉದ್ದದ ಗಾಡಿಯಲ್ಲಿ ಆ ಅಡ್ಡ ಇಲ್ಲ. ಸೈಲೆನ್ಸರ್ ಮೇಲೆ ತಗಡು, ಅದರ ಮೇಲೆ ನೇರ ಜನ. ಇನ್ನೊಂದು ಲೆಕ್ಕವೂ ಇದೆ. ನಾಲ್ಕು ಸಿಲಿಂಡರ್ ಇಂಜಿನ್ 1,800 ಆರ್‌ಪಿಎಂನಲ್ಲಿ ಸೆಕೆಂಡಿಗೆ 60 ಸಲ ಹೊಗೆ ಹೊರಗೆ ತಳ್ಳುತ್ತೆ. ಮೂರು ಮೀಟರ್ ಹತ್ತಿರ ಉದ್ದ ಇರೋ ಕೋಣೆಯ ಗಾಳಿ ಗುಂಯ್‌ಗುಡೋದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಎರಡೂ ಸೇರಿದರೆ ಖಾಲಿ ಹಂಡೆಗೆ ಬಾಯಿಟ್ಟು ಕೂಗಿದ ಹಾಗೆ. ಒಂದು ಸ್ಪೀಡಲ್ಲಿ ತಲೆ ಹಿಡಿಯುವಷ್ಟು ಸದ್ದು, ಸ್ವಲ್ಪ ಗೇರ್ ಬದಲಿಸಿದರೆ ಕಡಿಮೆ ಆಗೋದು ಇದಕ್ಕೇ. ಮೊಬೈಲ್ ಆ್ಯಪಲ್ಲಿ ಅಳೆದರೆ ಡೆಸಿಬಲ್ ಸಣ್ಣದೇ ತೋರಿಸಬಹುದು. ಸಾಮಾನ್ಯವಾಗಿ ಬಳಸುವ ಅಳತೆಯೇ ಇಂಥ ದಪ್ಪ ಸದ್ದನ್ನು ಕಡಿಮೆ ಲೆಕ್ಕ ಹಾಕುತ್ತೆ.

ಸದ್ದಿನ ಜೊತೆ ಬರೋದು ಹೊಗೆ

ಹೊಸದಾಗಿ ಶುರುವಾದ ಸದ್ದಿಗೆ ಸಾಮಾನ್ಯ ಕಾರಣ ತೂತು. ಎಲ್ಲೋ ಜಾಯಿಂಟ್ ಬಿಟ್ಟಿರುತ್ತೆ, ಪ್ಯಾಕಿಂಗ್ ಸುಟ್ಟಿರುತ್ತೆ, ಇಲ್ಲಾ ಪೈಪು ತುಕ್ಕು ತಿಂದಿರುತ್ತೆ. ನಮ್ಮ ಮಳೆ, ಕೆಸರು ಹೊರಗಿಂದ ತಿನ್ನುತ್ತೆ. ಒಳಗಿಂದ ತಿನ್ನೋದು ಸಣ್ಣ ಓಡಾಟ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಬರುತ್ತೆ. ಮನೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಸೈಲೆನ್ಸರ್ ಕಾಯೋದೇ ಇಲ್ಲ, ನೀರು ಒಳಗೇ ನಿಲ್ಲುತ್ತೆ.

ತೂತಿನಿಂದ ಸದ್ದಿನ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತೆ. ಮೊದಲು ತಲೆನೋವು, ವಾಕರಿಕೆ, ಜೋಂಪು. ಘಾಟಿಯಲ್ಲಿ ಹಿಂದೆ ಕೂತವರಿಗೆ ಇದೆಲ್ಲ ಆದರೆ ‘ಗಾಡಿ ಆಗಿಬರಲ್ಲ, ತಿರುವು ಜಾಸ್ತಿ’ ಅಂತ ನಿಂಬೆಹಣ್ಣು ಕೊಡೋದು ವಾಡಿಕೆ. ಬಹಳ ಸಲ ತಿರುವೇ ಕಾರಣ ಇರಬಹುದು. ಆದ್ರೆ ಸಪಾಟು ರಸ್ತೆಯಲ್ಲೂ ಹಿಂದಿನ ಸೀಟಿನ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದು, ಇಳಿದ ಮೇಲೆ ಹೋದರೆ, ಅನುಮಾನ ಪಡಬೇಕಾದ್ದು ಸೈಲೆನ್ಸರ್ ಮೇಲೆ. ಡೀಸೆಲ್ ಗಾಡಿಯಲ್ಲಿ ಈ ಅನಿಲ ಕಡಿಮೆ, ಪೂರ್ತಿ ಇಲ್ಲ ಅಂತಲ್ಲ. ಅದರ ಮಸಿಹೊಗೆ ಬೇರೆಯೇ ತೊಂದರೆ.

ಹಿಂಬಾಗಿಲು ಅರ್ಧ ತೆರೆದರೆ ಪೈಪು ಸರಿ ಇದ್ದರೂ ಕಷ್ಟ. ಗಾಡಿ ಮುಂದೆ ಹೋದಾಗ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತೆ. ಪೈಪಿನಿಂದ ಹೊರಬಿದ್ದ ಹೊಗೆ ಅದರಲ್ಲಿ ಸುತ್ತಿ, ತೆರೆದ ಬಾಗಿಲಿಂದ ಒಳಗೆ ನುಗ್ಗುತ್ತೆ. ಕೆಮ್ಮಣ್ಣು ರಸ್ತೆಯಲ್ಲಿ ಹಿಂಬಾಗಿಲ ಗಾಜಿನ ಮೇಲೆ ಧೂಳು ದಪ್ಪಗೆ ಕೂರೋದು ನೋಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಕಾಗದದಲ್ಲಿ ಎಲ್ಲಾ ಸರಿ

ಕಾನೂನು ಇಲ್ಲವಾ? ಇದೆ. ಪ್ರತಿ ಗಾಡಿಗೂ ಸೈಲೆನ್ಸರ್ ಇರಲೇಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮ 120 ಹೇಳುತ್ತೆ. ಒಂಬತ್ತು ಸೀಟಿನೊಳಗಿನ ಹೊಸ ಕಾರಿಗೆ ಕಂಪನಿಯಲ್ಲಿ ತಯಾರಾಗುವ ಹಂತದ ಮಿತಿ 74 ಡೆಸಿಬಲ್, ಅದನ್ನೂ ಅಳೆಯೋದು ಹೊರಗೆ ನಿಂತು. ಶಬ್ದ, ಹೊಗೆಯ ನಿಯಮ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆ ಸೆಕ್ಷನ್ 190(2)ರ ಅಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ.

ಆದ್ರೆ ಗಾಡಿ ಕೆಳಗೆ ಬಗ್ಗಿ ನೋಡೋರು ಯಾರು? ಎಮಿಷನ್ ಟೆಸ್ಟಲ್ಲಿ ಪೈಪಿನ ತುದಿಗೆ ನಳಿಗೆ ತೂರಿಸಿ ಹೊಗೆ ಅಳೀತಾರೆ. ನಡುವೆ ಸೋರಿ ಹೋದ ಹೊಗೆ ಆ ನಳಿಗೆಗೆ ಸಿಗಲ್ಲ. ತೂತಿನಿಂದ ಹೊರಗಾಳಿ ಒಳಗೆ ಸೇರಿದರಂತೂ ಅಂಕಿ ಇನ್ನೂ ಚೆನ್ನಾಗೇ ಬರಬಹುದು. ಬಾಡಿಗೆ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಫ್‌ಸಿ ಉಂಟು. ಸ್ವಂತ ಬೋರ್ಡಿನ ಗಾಡಿಗೆ 15 ವರ್ಷ ತುಂಬುವ ತನಕ ಅದೂ ಇಲ್ಲ. ತೋಟದ ಕೆಲಸದವರನ್ನು ಕೂರಿಸಿಕೊಂಡು ಓಡಾಡುವ ಬಿಳಿ ಬೋರ್ಡಿನ ಗಾಡಿಗಳು ಎಷ್ಟಿವೆ ಅಂತ ಇಲ್ಲಿನವರಿಗೆ ಗೊತ್ತು.

ಉಲ್ಟಾ ರಿಪೇರಿ

ಸದ್ದು ತಡೆಯೋಕೆ ಜನ ಮೊದಲು ಮಾಡೋದು ದಪ್ಪ ಮ್ಯಾಟು, ಡ್ಯಾಂಪಿಂಗ್ ಶೀಟು. ಅದರಿಂದ ಸದ್ದು ಕಡಿಮೆ ಆಗುತ್ತೆ, ಸುಳ್ಳಲ್ಲ. ಆದ್ರೆ ತೂತು ಹಾಗೇ ಇರುತ್ತೆ. ವಾಸನೆ ಇಲ್ಲದ ವಿಷಕ್ಕೆ ಇದ್ದ ಒಂದೇ ಗಂಟೆ ಅಂದ್ರೆ ಆ ಸದ್ದು. ಅದರ ಬಾಯಿ ಮುಚ್ಚಿಸಿದ ಹಾಗಾಯ್ತು.

ಸರಿಯಾದ ಕ್ರಮ ಹೀಗಿದೆ:

1. ಮೊದಲು ಸೋರಿಕೆ. ಬೆಳಗ್ಗೆ ತಣ್ಣಗಿರುವಾಗ ಬಯಲಲ್ಲಿ ಸ್ಟಾರ್ಟ್ ಮಾಡಿ. ಇಂಜಿನ್ ಹತ್ತಿರ ಟಿಕ್ ಟಿಕ್, ಕೆಳಗೆ ಬುಸ್ ಅಂದರೆ ಸೋರ್ತಿದೆ. ಜಾಯಿಂಟಲ್ಲಿ ಕಪ್ಪು ಮಸಿ ಇದ್ದರೆ ಅದೇ ಜಾಗ. ಪ್ಯಾಕಿಂಗ್ ಬದಲಿಸಿ, ಪೈಪು ಗಟ್ಟಿ ಇದ್ದರೆ ವೆಲ್ಡಿಂಗ್, ತುಕ್ಕು ಹಿಡಿದು ಪುಡಿಯಾಗ್ತಿದ್ದರೆ ಹೊಸದು.

2. ಆಮೇಲೆ ಸೈಲೆನ್ಸರ್ ನೇತುಹಾಕಿದ ರಬ್ಬರ್. ಹರಿದಿದ್ದರೆ ಪೈಪು ಬಾಡಿಗೆ ತಾಗಿ ಇಡೀ ತಗಡೇ ನಡುಗುತ್ತೆ. ಖರ್ಚು ಕಡಿಮೆ, ಗುಣ ಜಾಸ್ತಿ. ಇಂಜಿನ್ ಮೌಂಟಿಂಗ್, ಸಡಿಲವಾದ ಹೀಟ್ ಶೀಲ್ಡ್ ಕೂಡ ನೋಡಿಸಿ.

3. ಹಿಂಬಾಗಿಲ ರಬ್ಬರ್ ಬೀಡಿಂಗ್. ಕಾಗದದ ಚೂರು ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿಂದ ಹೊಗೆಯೂ ಬರುತ್ತೆ. ಸ್ಟೆಪ್ನಿ ಇಡುವ ಗುಂಡಿಯ ರಬ್ಬರ್ ಬಿರಡೆಗಳು ಬಿದ್ದಿವೆಯಾ ನೋಡಿ.

4. ಸೈಲೆನ್ಸರ್ ಒಳಗಿನ ತಟ್ಟೆ ಕಳಚಿ ಗಲಗಲ ಅಂದರೆ ಆ ಮಾಡೆಲ್‌ಗೆ ಹೊಂದುವ ಸೈಲೆನ್ಸರನ್ನೇ ಹಾಕಿಸಿ. ‘ಪಿಕಪ್ ಚೆನ್ನಾಗಿ ಬರುತ್ತೆ’ ಅಂತ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿದರೆ ಸದ್ದೂ ಜಾಸ್ತಿ, ವಿಷವೂ ಜಾಸ್ತಿ.

5. ಇಷ್ಟೆಲ್ಲ ಆದ ಮೇಲೆ ಶೀಟು, ಮ್ಯಾಟು. ಹಿಂದಿನ ನೆಲಕ್ಕೆ, ಸ್ಟೆಪ್ನಿ ಗುಂಡಿಗೆ ಅಂಟಿಸಿದರೆ ಪ್ರಯೋಜನ ಹೆಚ್ಚು. ಸೈಲೆನ್ಸರಿಗೆ ತಾಗುವ ಹಾಗೆ ಹೊರಗಡೆ ಏನನ್ನೂ ಸುತ್ತಬೇಡಿ, ಬೆಂಕಿ ಹಿಡಿಯುತ್ತೆ.

ಅಷ್ಟರವರೆಗೆ ಹಿಂಬಾಗಿಲು ತೆರೆದು ಓಡಿಸಬೇಡಿ. ತೆರೆಯಲೇಬೇಕಾಗಿ ಬಂದರೆ ಮುಂದಿನ ಗಾಜು ಇಳಿಸಿ, ಫ್ಯಾನ್ ಜೋರಾಗಿಟ್ಟು, ಹೊರಗಿನ ಗಾಳಿ ಒಳಗೆ ಬರುವ ಹಾಗೆ ಬಟನ್ ಇಡಿ. ಶೆಡ್ ಬಾಗಿಲು ಮುಚ್ಚಿ ಇಂಜಿನ್ ಓಡಿಸಬೇಡಿ.

ಯಾರು ಏನು ಮಾಡಬಹುದು?

ಆರ್‌ಟಿಒದವರು ಎಫ್‌ಸಿಗೆ ಬಂದ ಗಾಡಿಯ ಕೆಳಗೆ ಟಾರ್ಚ್ ಹಿಡಿದು ಐದು ನಿಮಿಷ ನೋಡಿದರೆ ಅರ್ಧ ಕೆಲಸ ಆಯ್ತು. ಎಮಿಷನ್ ಸೆಂಟರಿನವರು ನಳಿಗೆ ತೂರಿಸುವ ಮೊದಲು ಪೈಪು ಸೋರ್ತಿದೆಯಾ ಅಂತ ಕಿವಿ ಕೊಡಬಹುದು. ಮಕ್ಕಳ ವ್ಯಾನ್ ಗೊತ್ತು ಮಾಡುವಾಗ ಅಪ್ಪ-ಅಮ್ಮ ಬಾಡಿಗೆ ಕೇಳ್ತಾರೆ, ಒಂದು ಸಲ ಹಿಂದಿನ ಸೀಟಲ್ಲಿ ಕೂತು ಎರಡು ಕಿಲೋಮೀಟರ್ ಹೋಗಿ ಬರಲಿ. ತೋಟದ ಮಾಲೀಕರೂ ಅಷ್ಟೇ. ಯಾವಾಗಲೂ ಮುಂದಿನ ಸೀಟಲ್ಲಿ ಕೂತವರಿಗೆ ಹಿಂದಿನ ಸದ್ದು ಗೊತ್ತಾಗಲ್ಲ.

ಕೊಯ್ಲಿಗೆ ಆಳು ಸಿಕ್ತಿಲ್ಲ ಅನ್ನೋ ಕಾಲ ಇದು. ಸಿಕ್ಕವರನ್ನು ಕರ್ಕೊಂಡು ಬರೋ ಗಾಡಿಯ ಸೈಲೆನ್ಸರ್ ರಬ್ಬರ್ ಹರಿದಿದೆಯಾ, ಪೈಪು ಸೋರ್ತಿದೆಯಾ ಅಂತ ಕೊಯ್ಲಿಗೆ ಮೊದಲೇ ಒಮ್ಮೆ ಗ್ಯಾರೇಜಿಗೆ ಬಿಟ್ಟು ನೋಡಿಸೋದು ದೊಡ್ಡ ಖರ್ಚಿನ ಮಾತಲ್ಲ.