ಬಾಯಿ ತೆರೆದೆವು, ಕೇಳಲಿಲ್ಲ

ಹುಬ್ಬಳ್ಳಿಯ ನಮ್ಮ ಬಡಾವಣೆಗೆ ವಿದ್ಯಾನಗರವೆಂಬ ಹೆಸರು ಅನ್ವರ್ಥಕವಾಗಿಯೇ ಇರುವದು. 1947ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜೂ 1957ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜೂ ಇಲ್ಲಿಯೇ ಇರುವವು. ಇಂಥಲ್ಲಿ ವಾಸವಾಗಿದ್ದು, ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಸಂಸ್ಕೃತವನ್ನು ಕಲಿಸಿ ವಿಶ್ರಾಂತರಾದ ನಾವು ಹಲ್ಲಿನ ವಿಷಯದಲ್ಲಿ ನಿರಕ್ಷರಿಗಳೆಂಬದು ಕಳೆದ ಆಷಾಢದಲ್ಲಿ ಬಯಲಾಯಿತು.

ಕೆಳಸಾಲಿನ ದವಡೆಹಲ್ಲೊಂದು ಹುಳುಕಾಗಿ, ಉಳಿಸಿಕೊಳ್ಳುವ ಕಾಲ ಮೀರಿತ್ತು. ಕೀಳಿಸಿದೆವು. ತರುಣ ವೈದ್ಯೆಯು ಅರಳೆಯನ್ನು ಕಚ್ಚಿಸಿ, ಮಾಡತಕ್ಕ ಪಥ್ಯವನ್ನೆಲ್ಲ ಹೇಳಿ, ಅಚ್ಚು ಹಾಕಿದ ಚೀಟಿಯೊಂದನ್ನು ಕೈಗೆ ಕೊಟ್ಟು, “ತಿಳೀತಲ್ರೀ, ಸರ್?” ಎಂದು ಕೇಳಿದಳು. ಅರಳೆ ಕಚ್ಚಿದ ಬಾಯಿಂದಲೇ ಹೂಂಗುಟ್ಟಿ ತಲೆಯಾಡಿಸಿದೆವು. ಮನೆಗೆ ಬಂದು ಚೀಟಿಯನ್ನು ಆದ್ಯಂತವಾಗಿ ಓದಿದೆವು. ಔಷಧವೆಂಬಲ್ಲಿ ‘ಔಷದ’ ಎಂದು ಅಚ್ಚಾದುದನ್ನು ಕೆಂಪು ಶಾಯಿಯಿಂದ ತಿದ್ದಿಯೂ ಬಿಟ್ಟೆವು! ಆದರೆ ಉಪ್ಪುನೀರಿನಿಂದ ಮುಕ್ಕಳಿಸುವದು ಮರುದಿನದಿಂದ, ಆ ದಿನ ಉಗುಳಲೂ ಕೂಡದು ಎಂಬ ಮಾತು ಮಾತ್ರ ಮನಸ್ಸಿನಲ್ಲಿ ನಿಲ್ಲಲಿಲ್ಲ. ಶುಚಿತ್ವದ ಮೇಲಿನ ಮೋಹದಿಂದ ಅಂದು ಸಾಯಂಕಾಲವೇ ಎಂಟು ಹತ್ತು ಸಲ ಮುಕ್ಕಳಿಸಿ ಉಗುಳಿದೆವು. ಮೂರನೆಯ ದಿನ ಹುಟ್ಟಿದ ನೋವು ಕಿವಿಯವರೆಗೂ ಏರಿ, ಎರಡು ರಾತ್ರಿ ನಿದ್ರೆಯೆಂಬದೇ ಇಲ್ಲದಂತಾಯಿತು.

ವೈದ್ಯೆಯು ಮತ್ತೆ ನೋಡಿ ವಿವರಿಸಿದ್ದು ಇಷ್ಟು. ಹಲ್ಲು ಕಿತ್ತ ಕುಳಿಯಲ್ಲಿ ನೆತ್ತರು ಹೆಪ್ಪುಗಟ್ಟುವದು ಎಲುಬಿಗೆ ನಿಸರ್ಗವು ಹೊದಿಸುವ ಹೊದಿಕೆ. ಬಲವಾಗಿ ಮುಕ್ಕಳಿಸಿದರೆ, ಉಗುಳಿದರೆ, ಬೀಡಿ ಸೇದಿದರೆ ಅದು ಕಿತ್ತುಬರಬಹುದು. ಆಗ ಎಲುಬು ಬತ್ತಲೆಯಾಗಿ ಈ ಯಾತನೆ. ಆಕೆ ಕುಳಿಯನ್ನು ತೊಳೆದು ಔಷಧದ ಪಟ್ಟಿಯನ್ನಿಟ್ಟ ಮೇಲೆ ಹಾಯೆನಿಸಿತು. ತಪ್ಪು ಆಕೆಯದಲ್ಲ, ಚೀಟಿಯದೂ ಅಲ್ಲ.

ತಿಳಿಯದೆ ತಲೆಯಾಡಿಸಿದ್ದೇಕೆ? ಅರವತ್ತು ವರ್ಷದ ಮಾಸ್ತರನಿಗೆ ‘ಇನ್ನೊಮ್ಮೆ ಹೇಳವ್ವಾ’ ಎನ್ನಲು ನಾಚಿಕೆ. ತರಗತಿಯಲ್ಲಿ ‘ತಿಳಿಯಿತೇ?’ ಎಂದರೆ ಹುಡುಗರೆಲ್ಲರೂ ‘ತಿಳಿಯಿತು’ ಎಂದೇ ಕೂಗುವರೆಂಬದನ್ನು ನಾವು ಮೊದಲ ವರ್ಷದಲ್ಲಿಯೇ ಕಲಿತಿದ್ದೆವು; ಆದುದರಿಂದ ಪಾಠವನ್ನು ಅವರವರ ಮಾತಿನಲ್ಲಿಯೇ ಒಪ್ಪಿಸಹೇಳುತ್ತಿದ್ದೆವು. ಈಗ ವೈದ್ಯರಿಗೂ ಇದನ್ನೇ ಕಲಿಸುವರಂತೆ: ರೋಗಿಯು ಮನೆಗೆ ಹೋಗಿ ಏನು ಮಾಡುವನೆಂಬದನ್ನು ಅವನ ಬಾಯಿಂದಲೇ ಹೇಳಿಸುವದು. ಅವರು ಕೇಳದಿದ್ದರೆ ನಾವಾಗಿಯೇ ಒಪ್ಪಿಸಲು ಅಡ್ಡಿಯೇನು?

ಅಮೇರಿಕೆಯಲ್ಲಿ 2007ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ದಂತವೈದ್ಯದ ಮೂವತ್ತು ಶಬ್ದಗಳನ್ನು ರೋಗಿಯಿಂದ ಗಟ್ಟಿಯಾಗಿ ಓದಿಸಿ ಅವನ ತಿಳಿವಳಿಕೆಯನ್ನು ಅಂದಾಜು ಮಾಡುವರು. ಇಂಗ್ಲೀಷಿನಲ್ಲಿ ಬರಹ ಬೇರೆ, ಉಚ್ಚಾರ ಬೇರೆ. ಆದುದರಿಂದ ಅಲ್ಲಿ ಇದಕ್ಕೆ ಸ್ವಲ್ಪ ಬೆಲೆಯಿರಬಹುದು. ನಮ್ಮ ಲಿಪಿಯಲ್ಲಿ ಬರೆದಂತೆ ಓದು. ‘ರೂಟ್ ಕೆನಾಲ್’ ಎಂಬದನ್ನು ನಾಲ್ಕನೆಯ ಇಯತ್ತೆಯ ಹುಡುಗನೂ ತಡವರಿಸದೆ ಓದುವನು. ಅದು ಬಲ್ಲವನ ಗುರುತಾಗಲಾರದು.

ನಮ್ಮ ನೆರೆಯ ಗೃಹಸ್ಥರೊಬ್ಬರ ಕಥೆ ಕೇಳಿರಿ. ಆ ಚಿಕಿತ್ಸೆಯ ಮೊದಲ ದಿನವೇ ಅವರ ನೋವು ಹೋಯಿತು. ನೋವು ಹೋದ ಮೇಲೆ ರೋಗವೂ ಹೋಯಿತೆಂದು, ಕವಚ ಹಾಕಿಸುವ ಖರ್ಚನ್ನು ಉಳಿಸಿ, ಮತ್ತೆ ಅತ್ತ ಸುಳಿಯಲಿಲ್ಲ. ನೋವು ಹೋಗುವದು ಒಳಗಿನ ನರವನ್ನು ತೆಗೆದುದರಿಂದ. ಮೇಲಿಟ್ಟ ತಾತ್ಕಾಲಿಕ ಗಾರೆಯು ಕೆಲವು ವಾರಗಳ ಮಟ್ಟಿಗಿನದು. ಕೊರೆದ ಹಲ್ಲು ಅಶಕ್ತ. ಅವರದು ಖಡಕ್ ರೊಟ್ಟಿ ಕಡಿಯುವಾಗ ಎರಡು ಹೋಳಾಯಿತು.

ಸಂಸ್ಕೃತಜ್ಞರೆಂಬ ನಮ್ಮ ಹೆಮ್ಮೆಗೂ ಒಂದು ಪೆಟ್ಟು ಬಿದ್ದಿತು. ಸುಶ್ರುತನು ಹಲ್ಲಿನ ರೋಗಗಳನ್ನು ಎಂಟೆಂದೂ ಹಲ್ಲಿನ ಬುಡದ ರೋಗಗಳನ್ನು ಹದಿನೈದೆಂದೂ ಎಣಿಸಿರುವದನ್ನು ನಾವು ಬಲ್ಲೆವು. ಆ ಎಂಟರಲ್ಲಿ ಬರುವ ‘ದಂತಶರ್ಕರಾ’ ಎಂಬಲ್ಲಿ ಶರ್ಕರೆಯೆಂದರೆ ಸಕ್ಕರೆಯಲ್ಲ, ಹರಳು ಎಂದು ಎಷ್ಟೋ ಹುಡುಗರಿಗೆ ಹೇಳಿದವರು ನಾವು. ಆ ಹರಳು ನಮ್ಮ ಹಲ್ಲುಗಳ ಬುಡದಲ್ಲಿಯೇ ಕುಳಿತಿದ್ದುದು ವೈದ್ಯೆಯು ಕನ್ನಡಿ ಹಿಡಿದು ತೋರಿಸಿದಾಗ ತಿಳಿಯಿತು. ಅದನ್ನು ತೆಗೆಸಿದರೆ ಹಲ್ಲು ಸಡಿಲಾಗುವವೆಂದು ಓಣಿಯಲ್ಲೆಲ್ಲ ಮಾತು. ನಿಜಸಂಗತಿಯೇನೆಂದರೆ, ಹರಳು ಕೂತಲ್ಲಿ ಒಸಡು ಬಾತು, ದಿನಗಳೆದಂತೆ ಒಳಗಿನ ಎಲುಬು ಸವೆದು, ಹಲ್ಲು ಮೊದಲೇ ಸಡಿಲಾಗಿರುವದು. ಗಾರೆಯಂತೆ ತುಂಬಿದ್ದ ಹರಳು ಅದನ್ನು ಮರೆಮಾಡಿರುವದು. ಮಧುಮೇಹವಿದ್ದವರಲ್ಲಿ ಈ ಸವೆತಕ್ಕೆ ವೇಗ ಹೆಚ್ಚು. ಆದರೂ ಹಲ್ಲಿನ ವೈದ್ಯರಿಗೆ ಅದನ್ನೇಕೆ ಹೇಳಬೇಕೆಂದು ಮುಚ್ಚಿಡುವವರುಂಟು; ನೆತ್ತರು ತೆಳುವಾಗುವ ಗುಳಿಗೆಗಳ ಸಂಗತಿಯನ್ನೂ ಮುಚ್ಚಿಡುವರು.

ಶ್ರಾವಣದಲ್ಲಿ ನಮ್ಮ ಮನೆಯವರ ಸರದಿ ಬಂದಿತು. ಧಾರವಾಡದ ಹಾದಿಯಲ್ಲಿ ಸತ್ತೂರಿನಲ್ಲಿ 1986ರಿಂದ ನಡೆದಿರುವ ಎಸ್‌ಡಿಎಂ ದಂತವೈದ್ಯಕೀಯ ಕಾಲೇಜಿನ ದವಾಖಾನೆಗೆ ಹೋದೆವು. ಅವರು ತಾವು ನುಂಗುವ ಗುಳಿಗೆಗಳನ್ನೆಲ್ಲ ಚೀಲದಿಂದ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಷ್ಟು ಸಲ ಬರಬೇಕು, ಎಷ್ಟು ಖರ್ಚು, ಮಾಡಿಸದಿದ್ದರೆ ಏನಾದೀತು ಎಂದು ಒಂದೊಂದಾಗಿ ಕೇಳಿದರು. ಕೊನೆಗೆ, “ನಾ ಹೇಳ್ತೀನಿ, ತಪ್ಪಿದ್ರ ತಿದ್ದವಾ” ಎಂದು ಎಲ್ಲವನ್ನೂ ಒಪ್ಪಿಸಿದರು. ಒಂದು ತಪ್ಪಿತ್ತು: ಐದು ದಿನದ ಗುಳಿಗೆಯನ್ನು ಬಾವು ಇಳಿದೊಡನೆ ಬಿಡಬಹುದೆಂದು ತಿಳಿದಿದ್ದರು. ವೈದ್ಯೆಯು ನಕ್ಕು ತಿದ್ದಿದಳು. ನಾವು ಅವರ ಚೀಲವನ್ನು ಹಿಡಿದುಕೊಂಡು ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದೆವು.