ಸ್ಲ್ಯಾಬ್ ದಪ್ಪ ಹಾಕಿದರೆ ಮನೆ ತಂಪಾಗುತ್ತದೆಯೇ?

ಹೊಸಪೇಟೆ, ಕಂಪ್ಲಿ ಕಡೆ ಹಳೆಯ ಮಣ್ಣಿನ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಿದವರು ಬೇಸಿಗೆ ಬಂದರೆ ‘ಮೊದಲಿನ ಮನೆಯೇ ತಂಪಾಗಿತ್ತು’ ಎನ್ನುವುದುಂಟು. ಅದು ಬರೀ ಹಳೆಯದರ ಮೋಹವಲ್ಲ. ಮಾಳಿಗೆಯ ಮೇಲಿನ ದಪ್ಪ ಒಣಮಣ್ಣಿಗಿಂತ ಕಾಂಕ್ರೀಟು ಶಾಖವನ್ನು ಬೇಗ ದಾಟಿಸುತ್ತದೆ. ಐದು ಇಂಚಿನ ಬರಿಯ ಸ್ಲ್ಯಾಬ್ ಮಧ್ಯಾಹ್ನದ ಬಿಸಿಲನ್ನು ಹೀರಿಕೊಂಡು, ನಾವು ಮಲಗುವ ಹೊತ್ತಿನವರೆಗೂ ಕೋಣೆಯೊಳಕ್ಕೆ ಬಿಡುತ್ತಲೇ ಇರುತ್ತದೆ. ಇನ್ನೊಂದು ಇಂಚು ಸೇರಿಸಿದರೆ ಶಾಖ ಸ್ವಲ್ಪ ತಡವಾಗಿ ಬರುತ್ತದೆ ಅಷ್ಟೇ. ಖರ್ಚು ಮಾತ್ರ ಏರುತ್ತದೆ.

ಇದಕ್ಕೆ ನಿಯಮವಿಲ್ಲವೇ? ಇದೆ. ಕೇಂದ್ರದ ಬ್ಯೂರೋ ಆಫ್ ಎನರ್ಜಿ ಎಫಿಷಿಯೆನ್ಸಿ 2018ರಲ್ಲಿ ತಂದ ‘ಇಕೋ ನಿವಾಸ್ ಸಂಹಿತಾ’ ಪ್ರಕಾರ, ಒಳಗೆ ಹೊರಗೆ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಛಾವಣಿಯ ಪ್ರತಿ ಚದರ ಮೀಟರ್ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ದಾಟಿಸಬಾರದು. ಬರಿಯ ಸ್ಲ್ಯಾಬ್ ಇದರ ಎರಡು ಪಟ್ಟಿಗೂ ಹೆಚ್ಚು ದಾಟಿಸುತ್ತದೆ. ಆದರೆ 2018ರ ಆ ಸಂಹಿತೆ ಹೇಳಿದ್ದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ನಮ್ಮ 30×40 ಸೈಟು ಸುಮಾರು 111 ಚದರ ಮೀಟರ್!

ಹಾಗಾಗಿ ತೀರ್ಮಾನ ಮೇಸ್ತ್ರಿಯದು. ತಾರಸಿ ಸೋರಿದರೆ ಮನೆಯವರು ಮರುದಿನವೇ ಅವರನ್ನು ಕರೆಸುತ್ತಾರೆ. ಕೋಣೆ ಕಾದರೆ ಬಿಸಿಲನ್ನು ಬೈಯುತ್ತಾರೆ. ಕರೆಂಟ್ ಬಿಲ್ಲಂತೂ ಮೇಸ್ತ್ರಿಗೆ ಬರುವುದಿಲ್ಲ. ಕೈಯಾಡಿಸದ ಹೊಸ ಸಾಮಗ್ರಿ ಹಾಕಿ ಹೆಸರು ಕೆಡಿಸಿಕೊಳ್ಳಲು ಯಾರು ತಾನೇ ಒಪ್ಪುತ್ತಾರೆ? ಇದನ್ನು ದಡ್ಡತನ ಎನ್ನುವುದು ತಪ್ಪು.

ದಾರಿಯೂ ಆ ಸೋರಿಕೆಯಲ್ಲೇ ಇದೆ. ವಾಟರ್‌ಪ್ರೂಫಿಂಗ್ ಮಾಡಿಸುವಾಗ ಮೇಲೆ ಬಿಳಿ ಟೈಲ್ಸ್ ಚೂರು ಕೂರಿಸುವುದು ಅವರಿಗೆ ಗೊತ್ತಿರುವ ಕೆಲಸ. ಬಿಳಿ ಮೈ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಟೈಲ್ಸ್ ಕೆಳಗೆ, ವಾಟರ್‌ಪ್ರೂಫಿಂಗ್ ಪದರದ ಮೇಲೆ, ಎರಡು ಇಂಚಿನ ಗಟ್ಟಿ ಫೋಮ್ ಹಲಗೆ ಹಾಕಿಸಿದರೆ 1.2ರ ಮಿತಿಯೊಳಗೇ ಬರಬಹುದು. ಸೋರಿಕೆಗೆ ಕರೆದ ಮೇಸ್ತ್ರಿಯ ಹತ್ತಿರ ಇದನ್ನು ಕೇಳುವುದು ಸುಲಭ. ಶಾಖಕ್ಕೆಂದೇ ಬೇರೆ ಕೆಲಸ ಎಂದರೆ ಯಾರೂ ಮುಂದೆ ಬರುವುದಿಲ್ಲ.

ಹಣವಿಲ್ಲದಿದ್ದರೆ ಸುಣ್ಣವೂ ಆದೀತು. ಸಂಡೂರಿನಂಥ ಕಡೆ ಅದಿರಿನ ಕೆಂಧೂಳು ಕೂತರೆ ಬಿಳುಪು ಹೋಗುತ್ತದೆ. ಪ್ರತಿ ಬೇಸಿಗೆಗೆ ಮೊದಲು ತೊಳೆದು ಮತ್ತೆ ಬಳಿಯಬೇಕು. ಇಟ್ಟಿಗೆ ಚೂರಿನ ‘ಕೋಬಾ’ ಹಾಕಿಸುವವರು ಮಾತ್ರ ಎಂಜಿನಿಯರ್ ಅವರನ್ನು ಕೇಳಿಯೇ ಹಾಕಿಸಿ: ನಾಲ್ಕು ಇಂಚಿಗೆ ಚದರ ಮೀಟರಿಗೆ ಒಂದೂವರೆ ಕ್ವಿಂಟಲ್‌ಗೂ ಹೆಚ್ಚು ಭಾರ ಬೀಳುತ್ತದೆ. ಹಳೆಯ ಮರದ ತೊಲೆಗಳ ಮೇಲಂತೂ ಬೇಡವೇ ಬೇಡ.